ಸರೋಜಿನಿಯ ಮೂಗು

ಐಸೆಲಿನ್‌ನ ಕನ್ನಡಿಗರಲ್ಲಿ ಬೇರೆಯವರ ವಿಷಯದಲ್ಲಿ ಮೂಗು ತೂರಿಸುವವರು ಬೇಕಾದಷ್ಟಿದ್ದರು. ಮೂಗು ತೂರಿಸಿ ಸಂಬಳ ಪಡೆಯುತ್ತಿದ್ದವರು ಸರೋಜಿನಿ ಒಬ್ಬರೇ. ಸಮರ್‌ಸೆಟ್‌ನ ಗೋದಾಮೊಂದರಲ್ಲಿ, ಜರ್ಮನಿಯಿಂದ ಬಂದ ಹಾಪ್ಸ್ ಹೂಗಳನ್ನು ಮೂಸಿ ಇದು ತಾಜಾ, ಇದು ಹಳತು ಎಂದು ಹೇಳುವುದು ಅವರ ಕೆಲಸ. ಬಿಯರಿನ ಕಹಿಯೂ ಘಮವೂ ಈ ಹೂವಿನದೇ. ಬವೇರಿಯಾದ ಹಾಲರ್‌ಟಾವ್ ಸೀಮೆಯ ಹಳೆಯ ತಳಿಯಂತೂ ಘಮಕ್ಕೇ ಹೆಸರಾದದ್ದು. ಹೆಸರಿನಲ್ಲಿ ಹಾಲಿದ್ದರೂ ಹೋಗಿ ಸೇರುವುದು ಬಿಯರನ್ನೇ. ಮಂಗಳೂರಿನಲ್ಲಿ ಸಸ್ಯಶಾಸ್ತ್ರ ಓದಿದ, ಜನ್ಮದಲ್ಲಿ ಒಂದು ಗುಟುಕು ಬಿಯರ್ ಕುಡಿಯದ ಸರೋಜಿನಿ, ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ "ಹೂವಿನ ಇಂಪೋರ್ಟ್" ಎನ್ನುತ್ತಿದ್ದರು. ಸುಳ್ಳೇನೂ ಅಲ್ಲ.

ಅದು ತೊಂಬತ್ತೊಂಬತ್ತರ ಅಕ್ಟೋಬರ್. ಗಂಡ ಓಂಕಾರ್‌ಗೆ ವೈಟುಕೆ ಕೆಲಸ, ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳು ಕೆಡದಂತೆ ನೋಡಿಕೊಳ್ಳುವುದು. ಡಿಸೆಂಬರ್ ಮೂವತ್ತೊಂದರಂದು ಜಗತ್ತು ಉಳಿದುಕೊಂಡರೂ ಅವರ ಕಾಂಟ್ರಾಕ್ಟ್ ಉಳಿಯುವಂತಿರಲಿಲ್ಲ. ಹಾಗಾಗಿ ಮನೆಯವರ ಗ್ರೀನ್ ಕಾರ್ಡಿನ ಹೋಪ್ಸ್ ಎಲ್ಲ ಹಾಪ್ಸ್ ಮೇಲೆಯೇ. ಈ ಬೆಳೆಯ ಪರೀಕ್ಷೆ ಮುಗಿದ ಕೂಡಲೇ ಸರೋಜಿನಿಯ ಅರ್ಜಿಗೆ ಸಹಿ ಹಾಕುತ್ತೇನೆಂದು ಮಾಲೀಕ ವಾಲ್ಟರ್ ಮಾತು ಕೊಟ್ಟಿದ್ದರು.

ಪರೀಕ್ಷೆ ಶುಕ್ರವಾರ. ಸೋಮವಾರ ಸರೋಜಿನಿಗೆ ಶೀತ ಹಿಡಿಯಿತು. ಗುರುವಾರ ಇಂಗಿನ ಡಬ್ಬಿಗೆ ಮೂಗಿಟ್ಟರೆ ಡಬ್ಬಿ ಖಾಲಿಯೇನೋ ಎನ್ನಿಸಿತು.

"ಇಂಗೂ ಗೊತ್ತಾಗುದಿಲ್ವಾ? ಎಂತ ಮಾರಾಯ್ತಿ, ನಂಗೆ ಮೇಲಿನ ರೂಮಿಗೇ ಬಂತಲ್ಲ!" ಎಂದರು ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಅಕ್ಕಮ್ಮ.

"ಮಾಮ್, ಜಸ್ಟ್ ಕಾಲ್ ಇನ್ ಸಿಕ್," ಎಂದಳು ಮಗಳು ತೃಷಾ.

"ಸಿಕ್ ಅಂದ್ರೆ ಅವ್ರು ಬೇರೆ ಮೂಗು ಹುಡುಕ್ತಾರೆ."

ಶುಕ್ರವಾರ ಬೆಳಿಗ್ಗೆ ಅಕ್ಕಮ್ಮ ಸೊಸೆಗೆ ಬಿಸಿನೀರಿನ ಹಬೆ ಕೊಟ್ಟು, ಊರಿಂದ ತಂದ ಬಾಮನ್ನು ಹಣೆಗೆ, ಕುತ್ತಿಗೆಗೆ, ಕೊನೆಗೆ ಅಂಗೈಗೂ ತಿಕ್ಕಿದರು. "ದಾರಿಯಲ್ಲಿ ಆಗಾಗ ಮೂಸ್ತಾ ಹೋಗು." ಗೋದಾಮು ತಲುಪಿದ ಸರೋಜಿನಿ ಎರಡು ಸಲ ಕೈ ತೊಳೆದುಕೊಂಡರು. ವಾಸನೆ ಹೋಯಿತೋ ಇಲ್ಲವೋ ಹೇಳಬೇಕಾದ ಮೂಗೇ ರಜೆಯಲ್ಲಿತ್ತು.

ಮೇಜಿನ ಮೇಲೆ ಮೂರು ಲಾಟಿನ ಮಾದರಿಗಳು. ಎದುರಿಗೆ ವಾಲ್ಟರ್ ಮತ್ತು ಬ್ರೂಕ್ಲಿನ್‌ನಲ್ಲಿ ಬಿಯರ್ ತಯಾರಿಸುವ ಟಿಮ್. ಹೂ ಉಜ್ಜುವುದು ಸರೋಜಿನಿಯೇ. ಅಂಗೈಯ ಬಿಸಿಗೆ ಒಳಗಿನ ಹಳದಿ ಪುಡಿ ಅಂಟಂಟಾಗಿ ಘಮ ಏಳುತ್ತದೆ. ಉಜ್ಜಿದರು. ಬೊಗಸೆಗೆ ಮುಖವಿಟ್ಟು ಉಸಿರೆಳೆದರು. ಏನೂ ಇಲ್ಲ. ಬಣ್ಣ ಚೆನ್ನಾಗಿದೆ, ಅಂಟು ಸರಿಯಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಬೊಗಸೆಯನ್ನು ಟಿಮ್ ಮುಂದೆ ಹಿಡಿದರು.

ಟಿಮ್ ಬಗ್ಗಿದವರು ತಟ್ಟನೆ ತಲೆಯೆತ್ತಿದರು. "ಮಿಂಟ್! ಯೂಕಲಿಪ್ಟಸ್! ಹಾಲರ್‌ಟಾವ್‌ನಲ್ಲಿ ಇಂಥದ್ದನ್ನು ನಾನು ಕಂಡೇ ಇಲ್ಲ. ವಾಲ್ಟರ್, ಈ ಲಾಟ್ ಪೂರ್ತಿ ನನಗೆ!"

ಸರೋಜಿನಿ ತಮ್ಮ ಅಂಗೈ ನೋಡಿಕೊಂಡರು. ವಾಲ್ಟರ್ ಹೆಮ್ಮೆಯಿಂದ ಫೈಲು ಬಿಚ್ಚಿ ಪೆನ್ನು ತೆಗೆದರು. "ನೀವು ಹೂಂ ಅಂದರೆ ಬರೆದುಬಿಡುತ್ತೇನೆ."

ತಲೆಯಾಡಿಸಿದ್ದರೆ ಸಾಕಿತ್ತು. ಅರ್ಜಿಯೂ ಅದೇ ಫೈಲಿನಲ್ಲಿತ್ತು. ಆದರೆ ಒಂದು ಲಾರಿ ಹೂವು ಬ್ರೂಕ್ಲಿನ್‌ಗೆ ಹೋಗಿ, ಅಲ್ಲಿ ಟಿಮ್ ಮಿಂಟಿಗಾಗಿ ಹುಡುಕಾಡುವುದು ಸರೋಜಿನಿಯ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಅದು ಹೂವಿನದ್ದಲ್ಲ," ಎಂದರು. "ನನ್ನ ಕೈಯದ್ದು. ಅತ್ತೆ ಬಾಮ್ ಹಚ್ಚಿದ್ದಾರೆ."

ಟಿಮ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದರೆ ಹೂವು ಬೇಡ, ಅತ್ತೆಯನ್ನು ಕಳಿಸಿ!"

ವಾಲ್ಟರ್ ನಗಲಿಲ್ಲ. "ಬಾಮ್ ನಿಮಗೆ ಗೊತ್ತಾಗಲಿಲ್ಲವೇ?"

"ಇಲ್ಲ. ನಿನ್ನೆಯಿಂದ ಯಾವ ವಾಸನೆಯೂ ಗೊತ್ತಾಗುತ್ತಿಲ್ಲ."

"ಮೊದಲೇ ಹೇಳಬೇಕಿತ್ತು."

"ಹೌದು."

ವಾಲ್ಟರ್ ಫೈಲು ಮುಚ್ಚಿದರು. ಸರೋಜಿನಿ ಬೊಗಸೆಯ ಹೂವನ್ನು ಮೇಜಿನ ಮೇಲಿಟ್ಟರು. ವಾಲ್ಟರ್ ಟಿಮ್ ಕಡೆ ತಿರುಗಿದರು. "ಇವರು ಮೂಸುವವರೆಗೆ ಯಾವ ಲಾಟೂ ಮಾರಾಟಕ್ಕಿಲ್ಲ."

"ಅಂದರೆ ಯಾವಾಗ?"

ಇಬ್ಬರೂ ಸರೋಜಿನಿಯ ಮೂಗನ್ನೇ ನೋಡಿದರು.

"ಮಂಗಳವಾರ," ಎಂದುಬಿಟ್ಟರು ಸರೋಜಿನಿ.

ಮಾದರಿಗಳು ಕೋಲ್ಡ್ ರೂಮ್ ಸೇರಿದವು. ಅಲ್ಲಿ ಹೂವು ಮಂಗಳವಾರವೇನು, ಮುಂದಿನ ವರ್ಷದವರೆಗೂ ಕಾಯಬಲ್ಲದು. ತಾವು ಕೊಟ್ಟ ಗಡುವನ್ನು ಶೀತಕ್ಕೆ ಯಾರು ತಿಳಿಸುತ್ತಾರೆಂದು ಯೋಚಿಸುತ್ತ ಸರೋಜಿನಿ ಮೂರನೆಯ ಸಲ ಕೈ ತೊಳೆಯಲು ಹೋದರು.