ಒಂದೇ ಕನ್ನಡ ಪದ ಕಲಿತ ಕೋಚು

ಗಲ್ಫಿನ ಅಲ್ ಗರಾಫಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಐರ್ಲೆಂಡಿನವನಿಗೆ ಬರುತ್ತಿದ್ದದ್ದು ಒಂದೇ ಕನ್ನಡ ಪದ, "ಇನ್ನೊಂದು." ನಮ್ಮ ಮನೆಯ ನೀರುದೋಸೆ ತಿನ್ನುತ್ತಾ ಮೊಮ್ಮಗಳಿಂದ ಕಲಿತದ್ದು. ಅವನು ಒಂದು ಕಾಲದಲ್ಲಿ ದೊಡ್ಡ ಫುಟ್‌ಬಾಲ್ ಆಟಗಾರನಂತೆ, ಹೋದ ತಂಡದಲ್ಲೆಲ್ಲ ರಾಶಿ ಗೋಲು ಹೊಡೆದವನಂತೆ. ಒಂದು ಗೋಲಿನ ಕತೆಯಾದರೂ ಹೇಳಿ ಎಂದರೆ ಬೂಟಿನ ತುದಿಯಿಂದ ನೆಲ ಕುಟ್ಟಿ ನಗುತ್ತಿದ್ದ, ಅಷ್ಟೇ.

ಇಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದ. ಕಲಿಸುವುದೇನು ಮಣ್ಣು! ಉಳಿದ ಮಕ್ಕಳೆಲ್ಲ ಓಡುವಾಗ ನನ್ನ ಮೊಮ್ಮಗಳನ್ನು ಎದುರು ತಂಡದ ಗೋಲಿನ ಕಂಬದ ಹತ್ತಿರ ನಿಲ್ಲಿಸುತ್ತಿದ್ದ. ಇಡೀ ಸೀಸನ್ ಅವಳದೊಂದು ಗೋಲಿಲ್ಲ. ಕೊನೆಯ ಮ್ಯಾಚಿನ ದಿನ, "ಇವತ್ತೂ ಗೋಲ್ ಇಲ್ಲಾಂದ್ರೆ ಆಟ ಖಲಾಸ್, ಅಜ್ಜಿ" ಎಂದು ಅತ್ತಳು.

ನನಗೆ ತಡೆಯಲಿಲ್ಲ. "ಮಗುವನ್ನು ಓಡ್ಲಿಕ್ಕೆ ಬಿಡಿ ಮಾರಾಯ್ರೇ!" ಎಂದು ಓಡುವ ಮಕ್ಕಳತ್ತ ಕೈ ತೋರಿಸಿ ಅವನಿಗೆ ಕನ್ನಡದಲ್ಲೇ ಬೈದೆ. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಮೊಮ್ಮಗಳು ಕಣ್ಣೊರೆಸಿಕೊಂಡು ತಿಳಿಸಿದಳು: "ಬಾಲ್ ಹಿಂದೆ ಎಲ್ಲರೂ ಓಡ್ತಾರಂತೆ. ಅದು ಬೀಳುವಲ್ಲಿ ನಾನು ಮೊದಲೇ ಇರ್ಬೇಕಂತೆ."

ಮೀನು ಕೊಯ್ಯುವಲ್ಲಿ ಕೂತ ಬೆಕ್ಕಿಗೂ ಇದು ಗೊತ್ತು. ಕಲಿಸಲು ಐರ್ಲೆಂಡಿನಿಂದಲೇ ಬರಬೇಕೇ?

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಗೋಲ್‌ಕೀಪರ್ ಕೈಯಿಂದ ಜಾರಿದ ಚೆಂಡು ಸೀದಾ ನನ್ನ ಮೊಮ್ಮಗಳ ಮೊಣಕಾಲಿಗೆ ಬಡಿದು ಒಳಗೆ ಹೋಯಿತು! ನಾನು ಚಪ್ಪಲಿ ಬಿಟ್ಟು ಕುಣಿದೆ, ಯಾರದೋ ತಾಯಿಯನ್ನು ತಬ್ಬಿಕೊಂಡೆ. ಐರ್ಲೆಂಡಿನವನು ಚಪ್ಪಾಳೆಯನ್ನೂ ತಟ್ಟಲಿಲ್ಲ, ಅವಳತ್ತ ಒಂದು ಬೆರಳು ಎತ್ತಿದ. ಹಾಳಾದವನು!

ಮೊಮ್ಮಗಳನ್ನು ಅಪ್ಪಿಕೊಳ್ಳಲು ಗೆರೆಯವರೆಗೆ ಓಡಿದೆ. ಅವಳು ಬಲೆಯಿಂದ ಚೆಂಡು ಎತ್ತಿಕೊಂಡು ನನ್ನೆದುರೇ ಮೈದಾನದ ನಡುವಿಗೆ ಓಡಿದಳು.

"ಬಾರೇ ಇಲ್ಲಿ!" ಎಂದು ಕೂಗಿದೆ.

"ಆಮೇಲೆ ಅಜ್ಜಿ. ಇನ್ನೊಂದು!"