ದೇವರ ಮಾಡದಲ್ಲಿಟ್ಟ ಡಬ್ಬಿ

ನನ್ನ ಅಕ್ಷರ ದುಂಡಗಿತ್ತು, ಅದಕ್ಕೇ ಆ ಕೆಲಸ ಸಿಕ್ಕಿತು ಎಂದು ಈಗಲೂ ನಂಬಿದ್ದೇನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗೋಕಾಕದಲ್ಲಿ ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಸರ್ಕಾರದ ಹಣದಲ್ಲಿ ನಡೆಯುವ ಒಂದು ಸಂಶೋಧನೆಗೆ ಊರೂರು ತಿರುಗುವ ಹೆಣ್ಣುಮಗಳು ಬೇಕೆಂದು ಕರೆದಿದ್ದರು. ಮೂರ್ಛೆ ರೋಗಕ್ಕೆ, ಜನ ಫಿಟ್ಸ್ ಎನ್ನುವುದಕ್ಕೆ, ಒಂದು ಗುಳಿಗೆ ಹಳ್ಳಿಯವರಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ಸಂಶೋಧನೆ. ತಿಂಗಳಿಗೊಮ್ಮೆ ರೋಗಿಯ ಮನೆಗೆ ಹೋಗಬೇಕು, ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸಬೇಕು, ಹೊಸದು ತುಂಬಬೇಕು, ಫಾರ್ಮ್ ಬರೆಯಬೇಕು.

ಹೆಚ್ಚಿಗೆ ಗುಳಿಗೆ ಉಳಿದಿದ್ದರೆ ಕಾರಣ ಗುರುತು ಮಾಡಲು ಫಾರ್ಮಿನಲ್ಲಿ ನಾಲ್ಕು ಖಾನೆಗಳಿದ್ದವು. ಮರೆತರು, ಊರಿನಲ್ಲಿರಲಿಲ್ಲ, ಮೈಗೆ ಹುಷಾರಿರಲಿಲ್ಲ, ನುಂಗಲು ಮನಸ್ಸಿಲ್ಲ. ಐದನೆಯದೊಂದು ಇರಬೇಕಿತ್ತು. ಅದು ಯಾವುದೆಂದು ಆ ಕಚೇರಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಅದರಿಂದ ಒಬ್ಬ ಹೆಣ್ಣುಮಗಳು ಸತ್ತಳು. ಇದನ್ನು ಸುತ್ತಿಬಳಸಿ ಹೇಳುವ ವಯಸ್ಸು ನನ್ನದಲ್ಲ.

ಮೊದಲ ಆರು ತಿಂಗಳು ಪಟ್ಟಿಯ ತುಂಬ ಗಂಡಸರೇ ಇದ್ದರು. ಆಮೇಲೆ ಹಣ ಕೊಡುವವರಿಂದ ಕಾಗದ ಬಂತು, ಹೆಂಗಸರೂ ಇರಬೇಕು, ಅಲ್ಪಸಂಖ್ಯಾತರೂ ಇರಬೇಕು, ಇಲ್ಲದಿದ್ದರೆ ಮುಂದಿನ ಕಂತು ಬರುವುದಿಲ್ಲ ಎಂದು. ನಮ್ಮ ಡಾಕ್ಟರು ಬೆಂಗಳೂರು ಕಡೆಯವರು, ಕೆಟ್ಟವರಲ್ಲ, ಅವಸರದವರು. ‘ಹೆಂಗಸರನ್ನು ಹುಡುಕಮ್ಮ’ ಎಂದು ನನ್ನ ಕೈಗೆ ಚೀಲ ಕೊಟ್ಟರು. ಹುಡುಕುವುದೇನು ಬಾಯಿಮಾತೇ? ಮದುವೆಯಾಗದ ಹುಡುಗಿಗೆ ಫಿಟ್ಸ್ ಇದೆಯೆಂದು ಯಾವ ತಾಯಿಯೂ ಒಪ್ಪುವುದಿಲ್ಲ. ಹೊಸ ಸೊಸೆಯಂತೂ ಉಸಿರೇ ಎತ್ತುವುದಿಲ್ಲ. ಬಸಿರಾಗುವ ಸಾಧ್ಯತೆ ಇದ್ದವರನ್ನು ಡಾಕ್ಟರು ಸೇರಿಸುವುದಿಲ್ಲ. ಹೀಗೆ ಸೋಸಿ ಸೋಸಿ, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ಹೆಂಗಸರನ್ನೇ ಹುಡುಕಿಕೊಂಡು ಮೂಡಲಗಿಯಿಂದ ಹುಕ್ಕೇರಿಯವರೆಗೆ ಬಸ್ಸಿನ ಧೂಳು ಕುಡಿದೆ.

ಆಕೆ ಸಿಕ್ಕಿದ್ದು ದಡ್ಡಿಯ ಹತ್ತಿರದ ಒಂದು ಹೊಳೆದಂಡೆಯ ಊರಿನಲ್ಲಿ. ಜೈನರ ಒಕ್ಕಲುತನದ ಮನೆ. ಗಂಡ, ಅತ್ತೆ, ಎರಡು ಮಕ್ಕಳು. ಮೂವತ್ತರ ಆಸುಪಾಸು. ಹಿಂದೊಮ್ಮೆ ಫಿಟ್ಸ್ ಬಂದು ಒಲೆಯ ಮೇಲೆ ಬಿದ್ದು ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದಳು. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ನಾನು ಆಕೆಯನ್ನು ವೈನಿ ಎಂದು ಕರೆಯುತ್ತಿದ್ದೆ.

‘ಇನ್ನೊಮ್ಮೆ ಹಿಂಗ ಬಿದ್ರ ತವರಿಗೆ ಕಳಸ್ತಾರಂತ್ರಿ ಅಕ್ಕಾರ. ಹುಡುಗೂರನ್ನ ಇಲ್ಲೇ ಇಟ್ಕೋತಾರಂತ’ ಎಂದಳು ಮೊದಲ ದಿನವೇ.

ಆಕೆಯ ಹೆಸರು ಬರೆದುಕೊಂಡು ಹೋದಾಗ ಡಾಕ್ಟರಿಗೆ ಖುಷಿಯೋ ಖುಷಿ. ‘ಒಂದೇ ಹೆಸರಿಗೆ ಎರಡು ಕಾಲಮ್ ತುಂಬಿತಲ್ಲ!’ ಎಂದರು. ಮಹಿಳೆ ಎಂಬಲ್ಲಿ ಒಂದು ಗೆರೆ, ಅಲ್ಪಸಂಖ್ಯಾತ ಎಂಬಲ್ಲಿ ಇನ್ನೊಂದು. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದಿನಕ್ಕೆ ಎರಡು ಗುಳಿಗೆ, ಬೆಳಿಗ್ಗೆ ಒಂದು, ಹೊತ್ತು ಮುಳುಗುವ ಮೊದಲು ಉಂಡಾದ ಮೇಲೆ ಒಂದು. ನಮಗೆ ಕಲಿಸಿಕೊಟ್ಟ ಹಾಗೆ ನಾನು ಹೇಳಿದೆ, ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಹಾಗೆ ಎತ್ತರದಲ್ಲಿ, ಸ್ವಚ್ಛ ಜಾಗದಲ್ಲಿ ಇಡಬೇಕು ಎಂದು. ಅತ್ತೆ ಮನೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಅಳೆದಳು. ಅಷ್ಟು ಎತ್ತರದ, ಅಷ್ಟು ಸ್ವಚ್ಛವಾದ ಜಾಗ ಆ ಮನೆಯಲ್ಲಿ ಒಂದೇ, ಗೋಡೆಯಲ್ಲಿದ್ದ ದೇವರ ಮಾಡ. ತೀರ್ಥಂಕರರ ಮೂರ್ತಿಯ ಬಾಜೂಕೆ ಡಬ್ಬಿ ಇಟ್ಟು ಕೈ ಮುಗಿದಳು. ‘ಭಾಳ ಛಲೋ ಜಾಗಾ ಆಯಿ’ ಎಂದೆ ನಾನು.

ಮೊದಲ ತಿಂಗಳು ಎಂಟು ಗುಳಿಗೆ ಉಳಿದಿದ್ದವು. ಎರಡನೆಯ ತಿಂಗಳೂ ಎಂಟೇ, ಅಂದರೆ ನಾಲ್ಕು ದಿನದ್ದು. ಗುಳಿಗೆ ನುಂಗಿದ ದಿನಗಳಲ್ಲಿ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಬಂದದ್ದು ಗುಳಿಗೆ ತಪ್ಪಿದ ಆ ನಾಲ್ಕು ದಿನಗಳಲ್ಲಿ ಮಾತ್ರ.

ಲೆಕ್ಕ ನನಗೆ ಆಗಲೇ ಹೊಳೆದಿತ್ತು. ಮುಟ್ಟಾದ ನಾಲ್ಕು ದಿನ ಆಕೆ ದನದ ಕೊಟ್ಟಿಗೆಗೆ ಹೊಂದಿದ ಚಪ್ಪರದಲ್ಲಿ ಹೊರಗೆ ಕೂಡುತ್ತಾಳೆ. ದೇವರ ಮಾಡಕ್ಕೆ ಕೈ ಚಾಚುವುದು ಐದನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ. ಆಕೆಯೂ ಹಿತ್ತಲಿಗೆ ಕರೆದು ಅದನ್ನೇ ಹೇಳಿದಳು. ‘ಆ ನಾಕ ದಿನಾ ನಾ ಹೆಂಗ ತಗೊಳ್ಳಲ್ರಿ? ನೀವ ನಮ್ಮ ಅತ್ತೀಗೆ ಒಂದ ಮಾತ ಹೇಳ್ರಿ. ನನಗ ಕೇಳಾಕ ಧೈರ್ಯ ಇಲ್ರಿ.’

ಒಂದೇ ಒಂದು ಮಾತು. ಅದನ್ನು ನಾನು ಯಾಕೆ ಹೇಳಲಿಲ್ಲ ಎಂದು ಕೇಳಿದವರಿಗೆಲ್ಲ ನಾಚಿಕೆಯಾಯಿತು ಎಂದಿದ್ದೇನೆ. ಅದು ಅರ್ಧ ಖರೆ. ನನಗೂ ತಿಂಗಳು ತಿಂಗಳು ಬರುತ್ತಿತ್ತು. ಊರುಗಳಿಗೆ ಹೋಗುವ ದಿನಗಳನ್ನು ಕಚೇರಿ ಗೊತ್ತು ಮಾಡುತ್ತಿತ್ತೇ ಹೊರತು ನನ್ನ ಮೈ ಅಲ್ಲ. ಆ ದಿನಗಳಲ್ಲೂ ನಾನು ಇಂಥ ಮನೆಗಳ ಪಡಸಾಲೆಯಲ್ಲಿ ಕೂತು, ದೇವರ ಮಾಡದಿಂದ ಇಳಿಸಿ ತಂದ ಡಬ್ಬಿಯನ್ನು ಮುಟ್ಟಿ, ಎಣಿಸಿ ವಾಪಸು ಕೊಟ್ಟಿದ್ದೆ. ಅದು ಮತ್ತೆ ದೇವರ ಬಾಜೂಕೆ ಹೋಗಿ ಕೂತಿತ್ತು. ಈ ಮಾತು ಎತ್ತಿದರೆ ಅತ್ತೆ ನನ್ನ ಮುಖ ನೋಡುತ್ತಾಳೆ. ‘ಮತ್ತ ನೀವ ಆ ದಿನಾ ಹೆಂಗ ಬರ್ತೀರಿ?’ ಎಂದು ಕೇಳುತ್ತಾಳೆ. ಒಂದು ಮನೆಯಲ್ಲಿ ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ. ಹೀಗೆಲ್ಲ ಹೆದರಿ ನಾನು ವೈನಿಗೆ ಹೇಳಿದ್ದು ಇಷ್ಟೇ: ‘ಹೆಂಗರ ಮಾಡ್ರಿ, ಗುಳಿಗಿ ಮಾತ್ರ ಉಳಸಬ್ಯಾಡ್ರಿ. ಮೂರ ತಿಂಗಳಾ ಉಳದ್ರ ಹೆಸರ ಹೊಡೀತಾರ.’

ಅದು ಸುಳ್ಳಾಗಿರಲಿಲ್ಲ, ನಿಯಮವೇ ಹಾಗಿತ್ತು. ಹೆಸರು ಹೊಡೆದರೆ ಗುಳಿಗೆ ನಿಲ್ಲುತ್ತಿತ್ತು. ಗುಳಿಗೆ ನಿಂತರೆ ಏನಾಗುತ್ತದೆಂದು ಆಕೆಯ ಕೈಯೇ ಹೇಳುತ್ತಿತ್ತು.

ಆ ಸಂಜೆ ಕಚೇರಿಯಲ್ಲಿ ಡಾಕ್ಟರು ಎಲ್ಲರೆದುರೇ ಕೇಳಿದರು, ‘ಈ ಹೆಂಗಸರದ್ದೇ ಯಾಕಮ್ಮ ಇಷ್ಟು ಗುಳಿಗೆ ಉಳಿಯುತ್ತೆ? ಗಂಡಸರು ಸರಿಯಾಗಿ ತಗೋತಾರಲ್ಲ?’ ಹೌದು, ತೆಗೆದುಕೊಳ್ಳುತ್ತಿದ್ದರು. ಮೇಲವಂಕಿಯ ಒಬ್ಬ ಕಾಕಾ ಗುಳಿಗೆಗಳನ್ನು ಎಲೆಅಡಿಕೆಯ ಚಂಚಿಯಲ್ಲೇ ಇಟ್ಟುಕೊಂಡಿದ್ದ. ಸುಣ್ಣ ಮೆತ್ತಿದ ಗುಳಿಗೆ ನುಂಗಿದರೂ ಒಂದನ್ನೂ ತಪ್ಪಿಸಿರಲಿಲ್ಲ. ಆತನಿಗೆ ತಿಂಗಳಲ್ಲಿ ನಾಲ್ಕು ದಿನ ಚಂಚಿ ಮುಟ್ಟಬೇಡ ಎನ್ನುವವರು ಯಾರಿದ್ದರು? ಕಂಪೌಂಡರ್, ಜೀಪಿನ ಡ್ರೈವರ್, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಮರೀತಾರ್ರಿ ಸರ್’ ಎಂದೆ. ನನ್ನ ದುಂಡು ಅಕ್ಷರದಲ್ಲಿ ಎಲ್ಲ ಹೆಂಗಸರ ಫಾರ್ಮಿನಲ್ಲೂ ಅದನ್ನೇ ಬರೆದೆ.

ಮೂರನೆಯ ತಿಂಗಳು ಡಬ್ಬಿ ತೆರೆದರೆ ಲೆಕ್ಕ ಸರಿಯಾಗಿತ್ತು. ಒಂದೂ ಉಳಿದಿರಲಿಲ್ಲ. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ‘ಹೆಂಗ ಮಾಡಿದ್ರಿ ವೈನಿ?’ ಎಂದೆ. ‘ಹೆಂಗೋ ಸರಿ ಮಾಡೇನ್ರಿ’ ಎಂದು ನಕ್ಕಳು. ಹೆಂಗೋ ಎಂದರೆ ಹೇಗೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅತ್ತೆಯ ಹತ್ತಿರ ಹೋಗಬೇಕಾಗಬಹುದಿತ್ತು. ಗುಳಿಗೆ ಆಕೆಯ ಕೈಗೆ ಹೇಗೋ ಸಿಗುತ್ತಿದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಆದರೂ ಹೊರಗೆ ಕೂತ ದಿನಗಳಲ್ಲಿ ಒಮ್ಮೆ ಫಿಟ್ಸ್ ಬಂದಿತ್ತು, ಕೊಟ್ಟಿಗೆಯಲ್ಲಿ, ಯಾರೂ ನೋಡಿರಲಿಲ್ಲ. ‘ಐದನೇ ದಿನಾ ನಿದ್ದಿ ಭಾಳ ಬರತೈತ್ರಿ ಅಕ್ಕಾರ, ಕಣ್ಣ ತೆರ್ಯಾಕ ಆಗಂಗಿಲ್ಲ’ ಎಂದೂ ಅಂದಳು. ನಾಲ್ಕು ದಿನದ ಕೆಲಸ ಒಮ್ಮೆಲೇ ಮೈಮೇಲೆ ಬಿದ್ದಿರಬೇಕು ಎಂದುಕೊಂಡೆ. ಮಂಪರು ಬರುತ್ತದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದೆ. ಎಲ್ಲಿ ಅದಕ್ಕೂ ಹೆಸರು ಹೊಡೆಯುತ್ತಾರೋ ಎಂಬ ಭಯ.

ನಾಲ್ಕನೆಯ ತಿಂಗಳೂ ಲೆಕ್ಕ ಸರಿ. ಡಾಕ್ಟರು ‘ನೋಡಿ, ಹೇಳಿದರೆ ಕಲೀತಾರೆ’ ಎಂದು ನನ್ನನ್ನು ಹೊಗಳಿದರು.

ಐದನೆಯ ತಿಂಗಳಲ್ಲಿ ಆಕೆಯ ಗಂಡ ಕಚೇರಿಗೆ ಬಂದ. ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಫಿಟ್ಸ್ ಬಂದು ನೀರಿಗೆ ಬಿದ್ದಳು, ಹೋಗಿ ಎಂಟು ದಿನವಾಯಿತು ಎಂದ. ಬಾಗಿಲಲ್ಲೇ ನಿಂತು ಅಷ್ಟು ಹೇಳಿ ಹೊರಟುಹೋದ. ಡಾಕ್ಟರು ಆಕೆಯ ಫಾರ್ಮುಗಳನ್ನು ತೆಗೆಸಿ ನೋಡಿದರು. ಆಮೇಲೆ ಡಬ್ಬಿ ವಾಪಸು ತಂದು ಫಾರ್ಮ್ ಮುಗಿಸು ಎಂದರು.

ಮರುದಿನ ಹೋದೆ. ಅತ್ತೆ ಒಬ್ಬಳೇ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅಳು ಮುಗಿದುಹೋಗಿತ್ತು.

‘ಫಿಟ್ಸ್ ಬಂದಿರಲಿಲ್ರಿ’ ಎಂದಳು. ‘ಬಾಜೂಕ ಒಗ್ಯಾಕ ಕೂತವ್ರು ನೋಡ್ಯಾರ. ಕೈಕಾಲ ಬಡಕೊಳ್ಳಲಿಲ್ಲ. ಕಲ್ಲಿನ ಮ್ಯಾಲ ಕೂತ ತೂಕಡಿಸಿದ್ಳಂತ, ಹಂಗ ನೀರಿಗೆ ಜಾರಿದ್ಳಂತ. ಅವತ್ತ ಐದನೇ ದಿನಾ. ಜಳಕಾ ಮಾಡಿ ಬಂದು, ದೇವರಿಗೆ ಕೈ ಮುಗದು, ಎಂಟೂ ಗುಳಿಗಿ ಕೂಡೇ ನುಂಗಿದ್ಳು. ಮೂರ ತಿಂಗಳಿಂದ ಹಂಗ ನುಂಗ್ತಿದ್ಳು. ಯಾಕ ಅಂದ್ರ, ಲೆಕ್ಕ ತಪ್ಪಬಾರದಂತ ಅಕ್ಕಾರ ಹೇಳ್ಯಾರ ಅಂತಿದ್ಳು.’

ಆ ಎಂಟು ಗುಳಿಗೆಗಳನ್ನು ನಾನೇ ಆಕೆಯ ಬಾಯಿಗೆ ಹಾಕಿದ ಹಾಗಿತ್ತು.

ಇದನ್ನೆಲ್ಲ ಆಮೇಲೆ ಡಾಕ್ಟರಿಗೆ ಹೇಳಿದೆ, ಎಲ್ಲರನ್ನೂ ಹೊರಗೆ ಕಳಿಸಿ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ‘ಮೊದಲೇ ಹೇಳಬಾರದಿತ್ತೇನಮ್ಮ?’ ಎಂದರು, ಸಿಟ್ಟಿನಿಂದಲ್ಲ. ಬೇರೆ ಮನೆಗಳಲ್ಲಿ ಡಬ್ಬಿ ಎಲ್ಲಿಡುತ್ತಾರೆ ಎಂದು ನೋಡಿಕೊಂಡು ಬರಲು ಕಳಿಸಿದರು. ಆರು ಮನೆಗಳಲ್ಲಿ ಅದೇ ಕಥೆ. ಅಲ್ಲೆಲ್ಲ ಬಾಯಿಬಿಟ್ಟು ಹೇಳಿದೆ. ಒಂದೇ ಒಂದು ಮನೆಯವರೂ ನನ್ನನ್ನು ಹೊರಗೆ ಹಾಕಲಿಲ್ಲ. ಆದರೆ ಆಗಲೇ ಬರೆದು ಕಳಿಸಿದ ಫಾರ್ಮುಗಳನ್ನು ತಿದ್ದಲಾಗಲಿಲ್ಲ. ಕೊನೆಯ ವರದಿಯಲ್ಲಿ ಮಹಿಳೆಯರಲ್ಲಿ ಮರೆವು ಹೆಚ್ಚು ಎಂಬ ಮಾತು ಹಾಗೇ ಉಳಿಯಿತು. ಆಕೆಯೂ ಅದರಲ್ಲಿದ್ದಾಳೆ, ಎರಡೂ ಕಾಲಮ್ಮಿನಲ್ಲಿ. ಗಂಡ ಬಾಗಿಲಲ್ಲಿ ನಿಂತು ಹೇಳಿದ್ದನ್ನೇ ಹಿಡಿದು, ಸಾವಿಗೂ ಗುಳಿಗೆಗೂ ಸಂಬಂಧವಿಲ್ಲ ಎಂದಿದೆ.

ಅವತ್ತು ಆ ಪಡಸಾಲೆಯಲ್ಲಿ ಕತ್ತಲಾಗುವ ಮೊದಲು ನಡೆದದ್ದೊಂದು ಮಾತ್ರ ಯಾವ ಕಾಗದದಲ್ಲೂ ಇಲ್ಲ.

‘ಒಳಗ ಬರ್ರಿ, ನಿಮ್ಮ ಡಬ್ಬಿ ಮಾಡದಾಗ ಐತಿ, ತಗೊಂಡ ಹೋಗ್ರಿ’ ಎಂದಳು ಅತ್ತೆ.

ಅವತ್ತು ನನ್ನದು ಎರಡನೆಯ ದಿನ. ಐದು ತಿಂಗಳು ಮುಚ್ಚಿಟ್ಟದ್ದು ಅವತ್ತು ಬಾಯಿಂದ ತಾನಾಗಿ ಬಂತು. ‘ಆಯಿ, ನಾ ಹೊರಗಾಗೇನ್ರಿ. ಒಳಗ ಬರಾಂಗಿಲ್ಲ.’

ಬೈಯುತ್ತಾಳೆ ಎಂದು ಕಾದೆ. ಆಕೆ ಕಂಬ ಹಿಡಿದು ಎದ್ದಳು, ಒಳಗೆ ಹೋಗಿ ಡಬ್ಬಿ ತಂದಳು. ‘ಕೈ ಒಡ್ರಿ’ ಎಂದಳು. ನಾನು ಎರಡೂ ಕೈ ಜೋಡಿಸಿ ಒಡ್ಡಿದೆ. ಮುಟ್ಟದ ಹಾಗೆ, ಒಂದು ಗೇಣು ಮೇಲಿನಿಂದ ಡಬ್ಬಿಯನ್ನು ನನ್ನ ಕೈಯೊಳಗೆ ಬಿಟ್ಟಳು.

‘ಆಕಿಗೆ ಊಟಾ ಹಿಂಗ ಹಾಕ್ತಿದ್ನಿ, ನೀರೂ ಹಿಂಗ ಹಾಕ್ತಿದ್ನಿ. ನೀವ ಒಂದ ಮಾತ ಅಂದಿದ್ರ ಗುಳಿಗೀನೂ ಹಾಕ್ತಿದ್ನೆಲ್ರಿ’ ಎಂದಳು. ‘ನಾಕ ದಿನಾ ಪೂಜಿ ಬಿಟ್ಹಂಗ ಅದನ್ನೂ ಬಿಡೂದಿರತೈತಿ ಅನ್ಕೊಂಡಿದ್ನಿ. ತಿಂಗಳಾ ತಿಂಗಳಾ ನೀವ ಬರ್ತಿದ್ರಿ. ಒಮ್ಮಿನೂ ಏನೂ ಅನ್ನಲಿಲ್ಲ.’

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ ನಿಲ್ಲುವಲ್ಲಿ ಕಲ್ಲಿನ ಮೇಲೆ ಕೂತು ಡಬ್ಬಿ ತೆರೆದು ಎಣಿಸಿದೆ. ಆಕೆ ಸತ್ತ ದಿನಕ್ಕೆ ಎಷ್ಟು ಉಳಿದಿರಬೇಕಿತ್ತೋ ಅಷ್ಟೇ ಇದ್ದವು.