ಮೂರನೆಯ ಕೂಗಿಗೆ ಓಗೊಟ್ಟವಳು

ದೆವ್ವ, ಭೂತ, ಪ್ರೇತಗಳ ಮಾತು ಬಂದಾಗ ನಕ್ಕು ಎದ್ದು ಹೋಗುತ್ತಿದ್ದವನು ನಾನು. ನಮ್ಮ ವೃತ್ತಿಯೇ ಅಂಥದ್ದು. ಲೆಕ್ಕ ತಪಾಸಣೆಗೆ ಕೂತವನು ರಶೀದಿ ಇಲ್ಲದ್ದನ್ನು ನಂಬುವುದಿಲ್ಲ. ರಶೀದಿ ಇದ್ದರೂ ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಾನೆ. ಮದುವೆಮನೆಯಲ್ಲಿ ಊಟವಾದ ಮೇಲೆ ಯಾರಾದರೂ ಎಲೆ ಅಡಿಕೆ ಮೆಲ್ಲುತ್ತ ಇಂಥ ಕಥೆ ಶುರು ಮಾಡಿದರೆ, "ಸಾಕ್ಷಿ ಯಾರಿದ್ದಾರೆ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಹೆಂಡತಿಗೆ ನನ್ನ ಈ ಗುಣ ಕಂಡರೆ ಆಗುತ್ತಿರಲಿಲ್ಲ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ಕೇಳಿ, ಬೇಸರವಿಲ್ಲ.

ಇಂಥ ಕಥೆಗಳಿಗೆ ಅಮಾವಾಸ್ಯೆಯ ರಾತ್ರಿ ಬೇಕು, ಜೀರುಂಡೆ ಬೇಕು, ಕೈಕೊಟ್ಟ ಕರೆಂಟ್ ಬೇಕು. ನನಗೆ ಅವು ಯಾವುವೂ ಒದಗಲಿಲ್ಲ. ನನಗಾದದ್ದು ಮಟಮಟ ಮಧ್ಯಾಹ್ನ, ಹೊಸನಗರ ತಾಲ್ಲೂಕಿನ ಒಂದು ಊರಿನ ಸಮುದಾಯ ಭವನದಲ್ಲಿ, ಒಂದು ಗುಂಪು ಹೆಂಗಸರ ಎದುರಿಗೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಆದ ಅನ್ಯಾಯವೇ ಸಾಕಷ್ಟಿದೆ, ನನ್ನಿಂದ ಇನ್ನಷ್ಟು ಬೇಡ.

ಆಗ ನಾನು ಶಿವಮೊಗ್ಗದ ಒಬ್ಬ ಲೆಕ್ಕ ಪರಿಶೋಧಕರ ಬಳಿ ಕೆಲಸಕ್ಕಿದ್ದೆ. ಬಡತನ ನಿವಾರಣೆಗೆಂದು ಇರುವ ಒಂದು ರಾಷ್ಟ್ರೀಯ ನಿಧಿಯಿಂದ ಮಲೆನಾಡಿನ ಒಂದು ಸಂಸ್ಥೆಗೆ ಅನುದಾನ ಬಂದಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೂಲಿ ಹೆಂಗಸರಿಗೆ ಹೊಲಿಗೆ ಮಿಷನ್ ಕೊಡಬೇಕು, ಹೊಲಿಗೆ ಕಲಿಸಬೇಕು, ಅವರು ಮನೆಯಲ್ಲೇ ಕೂತು ನಾಲ್ಕು ಕಾಸು ಸಂಪಾದಿಸಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇರಲಿಕ್ಕಿಲ್ಲ. ಮೊದಲ ಕಂತು ಖರ್ಚಾಗಿದೆ ಎಂದು ಸಂಸ್ಥೆ ಹೇಳಿತ್ತು. ಎರಡನೆಯ ಕಂತು ಬಿಡುಗಡೆಯಾಗುವ ಮೊದಲು ಮಿಷನ್ನುಗಳು ನಿಜಕ್ಕೂ ಹೆಂಗಸರ ಕೈ ಸೇರಿವೆಯೇ ಎಂದು ಊರೂರಿಗೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಸೇರಿಲ್ಲ ಎಂದು ನಾನು ಬರೆದರೆ ನಿಧಿಯವರು ಸಂಸ್ಥೆಯ ಕುತ್ತಿಗೆ ಹಿಡಿಯುತ್ತಾರೆ, ಮಿಷನ್ನು ಬಂದೇ ಬರುತ್ತದೆ. ಸೇರಿದೆ ಎಂದು ಬರೆದರೆ ಅಲ್ಲಿಗೆ ಮುಗಿಯಿತು.

ಸಾಗರದ ಕಡೆಯ ಊರುಗಳು ಮೊದಲು. ಸಂಸ್ಥೆಯ ಕೋಆರ್ಡಿನೇಟರ್ ಸದಾಶಿವ ಎಂಬವನು ಜೀಪಿನಲ್ಲಿ ಕರೆದೊಯ್ದ. ಬಹಳ ಮರ್ಯಾದಸ್ಥ. ನನ್ನ ಬ್ಯಾಗನ್ನು ನನಗೇ ಹೊರಲು ಬಿಡುತ್ತಿರಲಿಲ್ಲ. ಹೋದ ಮನೆಯಲ್ಲೆಲ್ಲ ಮಿಷನ್ನು ಜಗಲಿಯ ಮೇಲೆ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು ನನಗಾಗಿ ಕಾಯುತ್ತಿತ್ತು. ಆದರೆ ಒಂದು ಮನೆಯಲ್ಲೂ ಒಂದು ತುಂಡು ಬಟ್ಟೆ ಬಿದ್ದಿರಲಿಲ್ಲ, ನೂಲಿನ ಚೂರಿರಲಿಲ್ಲ. "ಮಿಷನ್ ಬಂತೇನಮ್ಮ?" ಎಂದರೆ, "ಬಂತು ಸರ್, ಬಾಳ ಉಪಕಾರ ಆತು" ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳಿದರು. ಸಾಗರ ಪೇಟೆಯ ಹೊರಗೆ ಚಹಾ ಕುಡಿಯಲು ನಿಂತಿದ್ದಾಗ ಒಂದು ಪಿಕಪ್ ಗಾಡಿ ಟಾರ್ಪಾಲು ಹೊದ್ದು ನಾವು ಮರುದಿನ ಹೋಗಬೇಕಿದ್ದ ಹೊಸನಗರದ ರಸ್ತೆ ಹಿಡಿಯುವುದನ್ನು ನೋಡಿದೆ. ಒಳಗೇನಿದೆಯೋ ನಾನು ಕಂಡಿಲ್ಲ. ಟಾರ್ಪಾಲಿನ ಅಂಚಿನಿಂದ ಒಂದು ಸೇವಂತಿಗೆ ಹಾರ ಮಾತ್ರ ಜೋತಾಡುತ್ತಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ಸಾಲದೆ ಸದಾಶಿವ ನನಗೆ ಇನ್ನೊಂದು ಬನ್ನು ತಿನ್ನಿ ಎಂದು ಒತ್ತಾಯ ಮಾಡುತ್ತಿದ್ದ. ಆದರೆ ಹಾರವನ್ನು ವರದಿಯಲ್ಲಿ ಬರೆಯಲಾಗುತ್ತದೆಯೇ? ಮಿಷನ್ ಬರಲಿಲ್ಲ ಎಂದು ಫಲಾನುಭವಿಗಳಲ್ಲಿ ಒಬ್ಬಳಾದರೂ ಬಾಯಿ ಬಿಟ್ಟು ಹೇಳಬೇಕು. ಮರುದಿನ ಹೊಸನಗರದ ಊರಿನಲ್ಲಿ ಮನೆಮನೆಗೆ ಬರುವುದಿಲ್ಲ, ಎಲ್ಲರನ್ನೂ ಒಂದೇ ಕಡೆ ಕೂರಿಸಿ, ಹೆಸರು ಕರೆದು ಕೇಳುತ್ತೇನೆ ಎಂದು ಹಟ ಹಿಡಿದೆ. ಸದಾಶಿವನ ಮುಖ ಸಣ್ಣಗಾಯಿತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೆಸರನ್ನು ಮೂರು ಸಲ ಕರೆಯಬೇಕು, ಕೋರ್ಟಿನ ಜವಾನ ಕರೆದ ಹಾಗೆ. ಮೂರು ಸಲಕ್ಕೂ ಉತ್ತರ ಬರದಿದ್ದರೆ ಮಾತ್ರ ಗೈರುಹಾಜರಿ. ಸಮುದಾಯ ಭವನದಲ್ಲಿ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಕೆಲವರ ಕಂಕುಳಲ್ಲಿ ಮಕ್ಕಳು. ಮುಂದಿನ ಸಾಲಿನಲ್ಲಿ ಗುಂಪಿನ ಪ್ರತಿನಿಧಿ ಜಯಮ್ಮ. ಗಟ್ಟಿ ಮೈಕಟ್ಟಿನ ಹೆಂಗಸು, ಆದರೆ ನನ್ನ ಕಣ್ಣು ತಪ್ಪಿಸಿ ಚಾಪೆಯ ಅಂಚು ಕೀಳುತ್ತಿದ್ದಳು. ಸದಾಶಿವ ಫೋನ್ ಕಿವಿಗಿಟ್ಟುಕೊಂಡು ಹೊರಗೂ ಒಳಗೂ ಓಡಾಡುತ್ತಿದ್ದ. ಯಾರನ್ನೋ ಎದುರು ನೋಡುತ್ತಿದ್ದಾನೆ ಎನ್ನುವುದು ಗೊತ್ತಾಗುತ್ತಿತ್ತು.

ನಾನು ಕರೆಯುತ್ತ ಹೋದೆ. ಎದ್ದು ನಿಂತವರೆಲ್ಲ "ಬಂತು ಸರ್" ಎಂದರು. ಒಬ್ಬಳು ಬರೀ ಹೌದೆಂದು ತಲೆಯಾಡಿಸಿದಳು. ಜಯಮ್ಮನೂ "ಬಂತು" ಎಂದಳು. ಆಮೇಲೆ ಲೋಲಾಕ್ಷಿ ಎಂಬ ಹೆಸರು ಬಂತು.

"ಲೋಲಾಕ್ಷಿ, ಗಂಡ ತಿಮ್ಮಪ್ಪ" ಎಂದೆ. ಉತ್ತರವಿಲ್ಲ. ಮತ್ತೊಮ್ಮೆ ಕರೆದೆ. ಹೆಂಗಸರಲ್ಲಿ ಒಂದು ಚಡಪಡಿಕೆ ಕಂಡಿತು. ಒಬ್ಬಳು ಮಗುವನ್ನು ಎದೆಗೆ ಒತ್ತಿಕೊಂಡಳು. ಸದಾಶಿವ ಆಗ ಹೊರಗೆ ರಸ್ತೆಯ ಬಳಿಯಿದ್ದ. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿಯೇ ಕೂಗಿದೆ.

"ಇದೀನಿ ಸರ್."

ಹಿಂದಿನ ಬಾಗಿಲ ಬಳಿಯಿಂದ ಬಂತು. ನೆಗಡಿಯಾದವರ ಹಾಗೆ ಕಟ್ಟಿದ ದನಿ. ತಲೆಯೆತ್ತಿ ನೋಡಿದೆ. ಬಾಗಿಲಿನ ಆಚೆ ಬಿಸಿಲು ರಾಚುತ್ತಿತ್ತು, ಅದಕ್ಕೆ ಬೆನ್ನು ಹಾಕಿ ತಲೆಗೆ ಸೆರಗು ಹೊದ್ದ ಒಬ್ಬ ಹೆಂಗಸು ಕೂತಿದ್ದಳು. ಬಿಸಿಲಿಗೆ ಮುಖ ಕಾಣಲಿಲ್ಲ.

"ಮಿಷನ್ ಬಂತೇನಮ್ಮ?" ಎಂದು ಕೇಳಿದೆ.

"ಬರ್ಲಿಲ್ಲ" ಎಂದಳು. "ನಮ್ಗೆ ಯಾರಿಗೂ ಬರ್ಲಿಲ್ಲ. ತಂದು, ಫೋಟ ಹೊಡ್ಕಂಡು, ವಾಪಸ್ ಹೇರ್ಕಂಡು ಹೋದ್ರು. ಮಿಷನ್ ಬಂದಿದ್ರೆ ನಾ ಎಂತಕೆ ದರಗಿಗೆ ಹೋಗ್ತಿದ್ದೆ?"

ದರಗು ಎಂದರೆ ಕಾಡಿನ ಒಣಗಿದ ಎಲೆ. ಬೇಸಿಗೆಯಲ್ಲಿ ಕೂಲಿ ಹೆಂಗಸರು ಅದನ್ನು ಗುಡಿಸಿ, ಹೊರೆ ಕಟ್ಟಿ, ತೋಟದವರ ಕೊಟ್ಟಿಗೆಗೆ ಹಾಕುತ್ತಾರೆ. ನಾನು ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡೆ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕೊನೆಗೂ ಒಬ್ಬಳಿಗೆ ಗುಂಡಿಗೆಯಿದೆ ಎನಿಸಿತು. ಉಳಿದ ಹೆಸರುಗಳನ್ನು ಕರೆದು ಮುಗಿಸಿ, ಸಹಿ ಹಾಕಿಸಿಕೊಳ್ಳಲೆಂದು ಮತ್ತೆ ನೋಡಿದರೆ ಬಾಗಿಲ ಬಳಿ ಯಾರೂ ಇರಲಿಲ್ಲ. "ಲೋಲಾಕ್ಷಿ ಎಲ್ಲಿ ಹೋದರು?" ಎಂದು ಜಯಮ್ಮನನ್ನು ಕೇಳಿದೆ. ಅವಳು ಬಗ್ಗಿ ಚಾಪೆ ಸುತ್ತುವುದರಲ್ಲಿ ಮುಳುಗಿದ್ದಳು. ಹೆಂಗಸರು ದಡಬಡನೆ ಎದ್ದು ಹೊರಟೇಬಿಟ್ಟರು. ಚಹಾ ಮಾಡಿಸಿದ್ದರು, ಒಬ್ಬರೂ ಕುಡಿಯಲಿಲ್ಲ.

ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಜೀಪಿನಲ್ಲಿ ನಾನೇ ಸುದ್ದಿ ತೆಗೆದೆ. "ನಿಮ್ಮ ಬಣ್ಣ ಬಯಲಾಯಿತು ಸದಾಶಿವ. ಲೋಲಾಕ್ಷಿ ಎಲ್ಲ ಹೇಳಿದಳು" ಎಂದೆ. ಅವನು ಸಿಟ್ಟಾಗುತ್ತಾನೆ, ಇಲ್ಲ ಕೈಕಾಲು ಹಿಡಿಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಮುಖವನ್ನೇ ನೋಡಿದ. ಬೆವರಿದ್ದ.

"ಯಾರು ಸರ್?"

"ಲೋಲಾಕ್ಷಿ, ಗಂಡ ತಿಮ್ಮಪ್ಪ."

"ಆದ್ರೆ ಅವಳ ಬದ್ಲು ಕೂರಬೇಕಾದೋಳು ಬರಲೇ ಇಲ್ವಲ್ಲ ಸರ್!" ಎಂದುಬಿಟ್ಟ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಲೋಲಾಕ್ಷಿ ಹೋದ ಬೇಸಿಗೆಯಲ್ಲೇ ತೀರಿಕೊಂಡಿದ್ದಳು. ದರಗಿಗೆಂದು ಕಾಡಿಗೆ ಹೋದವಳಿಗೆ ಉಣ್ಣಿ ಕಚ್ಚಿ ಮಂಗನ ಕಾಯಿಲೆ ಬಂದಿತ್ತು. ಗುಂಪಿನಲ್ಲಿ ಒಂದು ತಲೆ ಕಡಿಮೆಯಾದರೆ ಅನುದಾನಕ್ಕೆ ತೊಡಕೆಂದು ಸಂಸ್ಥೆಯವರು ಅವಳ ಹೆಸರನ್ನು ಹಾಗೇ ಉಳಿಸಿಕೊಂಡಿದ್ದರು. ನಾನು ಬರುವ ದಿನ ಅವಳ ಹೆಸರಿಗೆ ಎದ್ದು ನಿಲ್ಲಲು ಊರಿನ ಯಾವ ಹೆಂಗಸೂ ಒಪ್ಪಲಿಲ್ಲವಂತೆ. ಸತ್ತವರ ಹೆಸರು ಕರೆದಾಗ ಓ ಎನ್ನಬಾರದು ಎಂಬುದು ಅವರ ನಂಬಿಕೆ. ಎಲ್ಲ ಸುಳ್ಳನ್ನೂ ಹೇಳಲು ತಯಾರಿದ್ದವರು ಅದೊಂದನ್ನು ಮಾತ್ರ ಆಗುವುದಿಲ್ಲ ಎಂದಿದ್ದರು. ಹಾಗಾಗಿ ಸದಾಶಿವ ತೀರ್ಥಹಳ್ಳಿ ಕಡೆಯ ಒಬ್ಬಳನ್ನು ಗೊತ್ತು ಮಾಡಿದ್ದ. ಆ ಹೆಂಗಸು ಹೊರಟ ಬಸ್ಸು ಕೆಟ್ಟು ಅವಳು ಕವಲೇದುರ್ಗದ ಕ್ರಾಸಿನಲ್ಲೇ ಸಂಜೆಯವರೆಗೂ ಉಳಿದಿದ್ದಳು. ದಾರಿಯಲ್ಲಿ ಅವಳನ್ನು ನಾನೇ ಕಂಡೆ. ಬಸ್ಸಿನ ನೆರಳಿನಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಸದಾಶಿವ ಜೀಪು ನಿಲ್ಲಿಸಿ ಕೇಳಿದ. ಹೊಸನಗರದ ಕಡೆ ತಾನು ಕಾಲೇ ಇಟ್ಟಿಲ್ಲ ಎಂದಳು. ಅವಳದು ಕೀರಲು ದನಿ.

ತೀರ್ಥಹಳ್ಳಿಯ ಲಾಡ್ಜಿನಲ್ಲಿ ಅವಳ ಹೇಳಿಕೆ ಬರೆದುಕೊಂಡ ಹಾಳೆಯನ್ನು ಮತ್ತೆ ಮತ್ತೆ ದೀಪಕ್ಕೆ ಹಿಡಿದು ನೋಡಿದೆ. ಭಯ ಎಂದು ಹೇಳಲಾರೆ.

ಸದಾಶಿವನ ಭಯ ಒಂದೇ ದಿನದ್ದು. ಆಮೇಲೆ ಅವನ ಬುದ್ಧಿ ಚುರುಕಾಯಿತು. ನಾನು ವರದಿ ಬರೆದೆ. ಮಿಷನ್ನುಗಳು ಊರಿಂದೂರಿಗೆ ಓಡಾಡುತ್ತಿವೆ, ಫಲಾನುಭವಿಯೊಬ್ಬಳು ಹಾಗೆಂದು ಹೇಳಿದ್ದಾಳೆ ಎಂದು ಬರೆದೆ. ಬೇರೆ ಯಾರ ಹೇಳಿಕೆಯೂ ಇರಲಿಲ್ಲ, ಲೋಲಾಕ್ಷಿಯ ಹೆಸರನ್ನೇ ಹಾಕಿದೆ. ಸಂಸ್ಥೆ ಬಹಳ ವಿನಯದಿಂದ ಉತ್ತರ ಕೊಟ್ಟಿತು. ತೀರಿಕೊಂಡ ಒಬ್ಬರ ಹೆಸರು ಕಣ್ತಪ್ಪಿನಿಂದ ಉಳಿದುಹೋಗಿದೆ, ಕ್ಷಮೆಯಿರಲಿ, ಆ ಒಂದು ಮಿಷನ್ನಿನ ಹಣವನ್ನು ಹಿಂದಿರುಗಿಸುತ್ತೇವೆ, ಉಳಿದವರೆಲ್ಲ ಮಿಷನ್ ಬಂದಿದೆ ಎಂದು ಪರಿಶೋಧಕರ ಎದುರಿನಲ್ಲೇ ಹೇಳಿದ್ದಾರೆ. ಇನ್ನು ಸತ್ತವರೊಡನೆ ಮಾತಾಡಿ ಬಂದ ಪರಿಶೋಧಕರ ಬಗ್ಗೆ ನಾವೇನೂ ಹೇಳುವುದಿಲ್ಲ ಎಂದೂ ಬರೆದಿತ್ತು. ಜೊತೆಗೆ ಮರಣ ಪ್ರಮಾಣಪತ್ರ. ಜೀಪಿನಲ್ಲಿ ಅವನು ಬಾಯಿಬಿಟ್ಟದ್ದಕ್ಕೆ ನನ್ನ ಬಳಿ ಸಾಕ್ಷಿಯಿರಲಿಲ್ಲ.

ನಮ್ಮ ಯಜಮಾನರು ನನ್ನನ್ನು ಕೂರಿಸಿಕೊಂಡು, "ಬಿಸಿಲಿನಲ್ಲಿ ಓಡಾಡಿ ತಲೆ ಸುತ್ತಿರಬೇಕು, ನಾಲ್ಕು ದಿನ ರಜೆ ಹಾಕು" ಎಂದರು. ವರದಿಯನ್ನು ಬೇರೆಯವರು ತಿದ್ದಿ ಬರೆದರು. ಎರಡನೆಯ ಕಂತು ಬಿಡುಗಡೆಯಾಯಿತು. ಆಫೀಸಿನಲ್ಲಿ ನನ್ನನ್ನು ಆಡಿಕೊಂಡು ನಕ್ಕರು. ಇಂದಿಗೂ ಹಳೆಯ ಸಹೋದ್ಯೋಗಿಗಳು ಸಿಕ್ಕರೆ, "ಮತ್ತೆ ಯಾರಾದರೂ ಹೇಳಿಕೆ ಕೊಟ್ಟರಾ?" ಎಂದು ಕೇಳುವುದುಂಟು. ನಗುತ್ತೇನೆ.

ನನಗೆ ನಾನೇ ಎಷ್ಟೋ ವಿವರಣೆ ಕೊಟ್ಟುಕೊಂಡಿದ್ದೇನೆ. ಗುಂಪಿನ ಯಾವಳೋ ಧೈರ್ಯವಂತೆ ಸೆರಗಿನ ಮರೆಯಲ್ಲಿ ಹೇಳಿ ಎದ್ದು ಹೋಗಿರಬಹುದು. ಆದರೆ ಅಂದು ಉಳಿದ ಎಲ್ಲ ಹೆಸರಿಗೂ ಒಬ್ಬೊಬ್ಬಳು ಎದ್ದು ನಿಂತಿದ್ದಳು, ಅವರನ್ನು ಬಿಟ್ಟು ಇನ್ನೊಬ್ಬಳು ಅಲ್ಲಿರಲಿಲ್ಲ. ಬಿಸಿಲಿನ ಭ್ರಮೆಯೂ ಇರಬಹುದು. ಆದರೆ ಲೋಲಾಕ್ಷಿ ದರಗಿಗೆ ಹೋಗಿದ್ದ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನನ್ನ ತಲೆ ಎಲ್ಲಿಂದ ಹುಟ್ಟಿಸಿತು?

ಮರುವರ್ಷ ಬೇಸಿಗೆಯ ಆರಂಭದಲ್ಲಿ ಸಾಗರದ ಬಸ್ ನಿಲ್ದಾಣದಲ್ಲಿ ಜಯಮ್ಮ ಸಿಕ್ಕಳು. ಕಂಡು ಮುಖ ತಿರುಗಿಸಬಹುದಿತ್ತು, ತಾನೇ ಹತ್ತಿರ ಬಂದಳು. "ಸರ್, ನಿಮ್ಗೆ ನಮ್ಮಿಂದ ತೊಂದ್ರೆ ಆತಂತೆ" ಎಂದಳು. ನಾನು ಬೇರೆ ಮಾತೇ ಆಡದೆ, "ಅವತ್ತು ನೀವೂ ಕೇಳಿಸಿಕೊಂಡಿರಾ?" ಎಂದೆ.

"ಕೇಳ್ದೇ ಎಂತ ಸರ್, ಎಲ್ರಿಗೂ ಕೇಳ್ತು. ಹಿಂದೆ ತಿರುಗಿ ನೋಡಕೆ ಯಾರಿಗೂ ಧೈರ್ಯ ಆಗ್ಲಿಲ್ಲ. ನೀವು ಮೂರು ಸಲ ಕರೆದ್ರಲ್ಲ, ಬಂದ್ಲು. ಕಿವಿಯೋಲೆ ಮಾರಿ ಮಿಷನ್ನಿಗೆ ಅಂತ ವಂತಿಗೆ ಕಟ್ಟಿದ್ಲು ಸರ್ ಅವ್ಳು. ಮಿಷನ್ ಬಂದ್ರೆ ದರಗಿಗೆ ಹೋಗದು ತಪ್ಪುತ್ತೆ ಅಂತ ದಿನಾ ಹೇಳದು."

ಒಂದು ಕಡೆ ನನಗೆ ತಲೆಕೆಟ್ಟಿಲ್ಲ ಎಂಬ ಸಮಾಧಾನ, ಇನ್ನೊಂದು ಕಡೆ ತಡೆಯಲಾರದ ಸಿಟ್ಟು. "ಹಾಗಾದರೆ ಈಗಲಾದರೂ ಹೇಳಿ ಜಯಮ್ಮ. ಅವಳು ಬಂದದ್ದನ್ನು ಹೇಳಬೇಡಿ, ಯಾರೂ ನಂಬುವುದಿಲ್ಲ. ಮಿಷನ್ ಬರಲಿಲ್ಲ ಅಂತಷ್ಟೇ ಹೇಳಿ. ನೀವೊಬ್ಬರು ಹೇಳಿದರೂ ಸಾಕು, ನಾನು ಮತ್ತೆ ಹೋರಾಡುತ್ತೇನೆ" ಎಂದೆ. ನನ್ನ ದನಿ ಎತ್ತರವಾಗಿದ್ದಿರಬೇಕು, ಪಕ್ಕದ ಬೆಂಚಿನವರು ತಿರುಗಿ ನೋಡಿದರು.

ಜಯಮ್ಮ ಸಿಟ್ಟಾಗಲಿಲ್ಲ. "ಅವ್ಳಿಗೆ ಎಂತ ಸರ್, ಹೇಳ್ತಾಳೆ. ಸತ್ತೋಳಿಗೆ ಸಾಲ ಕೊಡಲ್ಲ ಅಂತ ಯಾರು ಹೆದ್ರಿಸ್ತಾರೆ? ಸಂಸ್ಥೇಲಿ ನನ್ನ ಮಗಳ ಫೀಸಿಗೆ ಸಾಲ ತಗಂಡೀನಿ. ನಾಳೆ ಬಾಯಿ ಬಿಟ್ರೆ ನಾಡಿದ್ದು ಮನೆ ಬಾಗ್ಲಿಗೆ ಬರ್ತಾರೆ" ಎಂದಳು.

ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತುವಾಗ ಚೀಲದಿಂದ ಒಂದು ಪುಟ್ಟ ಬಾಟಲಿ ಕೆಳಗೆ ಬಿತ್ತು, ಎತ್ತಿಕೊಟ್ಟೆ. ಏನಿದು ಎಂದು ಕೇಳಿದ್ದಕ್ಕೆ, ಉಣ್ಣಿ ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ, ಆಸ್ಪತ್ರೆಯಲ್ಲಿ ಕೊಟ್ಟರು ಎಂದಳು. ನಾಳೆಯಿಂದ ದರಗು ಶುರುವಂತೆ.

ಅಂದು ಬಾಗಿಲ ಬಳಿ ಕೂತವಳು ಯಾರೋ ನನಗೆ ತಿಳಿಯದು. ತಿಳಿದವರಿದ್ದರೆ ಹೇಳಲಿ, ಕೇಳುತ್ತೇನೆ. ಆದರೆ ಜಯಮ್ಮನೂ ಸತ್ತ ಮೇಲೆಯೇ ಮೂರನೆಯ ಕೂಗಿಗೆ ಓಗೊಟ್ಟು ಬಾಯಿ ಬಿಡುವಂತೆ ಆಗದಿರಲಿ ಎಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತೇನೆ. ದೇವರನ್ನು ನಂಬದವನು ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದೂ ನನಗೆ ಗೊತ್ತಿಲ್ಲ.